ಬಿಟ್ಟು ಹೋದವರ ಪಟ್ಟಿ

"ನಿಮ್ಮ ತರಗತಿಯಿಂದ ನಲವತ್ತೊಂದು ಜನ ಬಿಟ್ಟು ಹೋಗಿದ್ದಾರೆ ಮೇಡಂ," ಎಂದು ಕಾರ್ಯದರ್ಶಿಗಳು ಪಟ್ಟಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. "ಪಕ್ಕದ ಕೋಣೆಯಲ್ಲಿ ವ್ಯಾಯಾಮ ಹೇಳಿಕೊಡೋ ಮೇಷ್ಟ್ರ ತರಗತಿಯಿಂದ ಒಬ್ರೂ ಕದಲಿಲ್ಲ. ಮುಂದಿನ ತಿಂಗಳಿಂದ ನಿಮ್ಮನ್ನ ಬೇಡ ಅಂತಿದ್ದಾರೆ ಸಮಿತಿಯವರು. ನಾನೇನು ಮಾಡ್ಲಿ ಹೇಳಿ?"

ಮಂಡಿನೋವಿನವರಿಗೆ ಪುಕ್ಕಟೆಯಾಗಿ ವ್ಯಾಯಾಮ ಹೇಳಿಕೊಡುವ ಸಂಸ್ಥೆ ಅದು. ಫಿಸಿಯೋ ಮೇಡಂ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಓದಿದರು. ಎಂಟು ವರ್ಷದಿಂದ ಜೀವ ತೇಯ್ದ ಕೆಲಸ. "ನಾನು ಯಾರನ್ನೂ ಗದರಿದವಳಲ್ಲ ಸರ್," ಎಂದಷ್ಟೇ ಹೇಳಿದರು.

ಮೂಲೆಯ ಕಂಪ್ಯೂಟರಿನ ಮುಂದೆ ಅಂಕಿಯಮ್ಮ ಕೂತಿದ್ದರು. ಸಂಸ್ಥೆ ಬೀರುವಿನ ತುಂಬ ಪೇರಿಸಿಟ್ಟ ಅರ್ಜಿ, ಹಾಜರಿ ಪುಸ್ತಕಗಳಿಂದ ಏನಾದರೂ ಪ್ರಯೋಜನವಾದೀತೇ ಎಂದು ನೋಡಿಕೊಡಲು ಬಂದು ವಾರವಾಗಿತ್ತು. ಅಂಕಿಅಂಶ ನೋಡುವವರೆಂದು ಆ ಹೆಸರು ಆಫೀಸಿನವರು ಇಟ್ಟದ್ದು; ಕರೆದರೆ ಓಗೊಡುತ್ತಿದ್ದರು.

"ಯಾಕೆ ಬಿಟ್ರು ಅಂತ ಅವರನ್ನ ಕೇಳಿದ್ದೀರಾ?"

"ಕೇಳದೆ ಇರ್ತೀವಾ?" ಕಾರ್ಯದರ್ಶಿಗಳಿಗೆ ಹುರುಪು ಬಂತು. "ನೀವು ಬರುವುದನ್ನು ನಿಲ್ಲಿಸಿದ್ದೇಕೆ ಅಂತ ಒಂದು ಫಾರಂ ಅಚ್ಚು ಹಾಕಿಸಿ ತರಗತಿಯ ಬಾಗಿಲಲ್ಲೇ ಇಟ್ಟಿದ್ದೀವಿ. ನಾಲ್ಕು ವರ್ಷದಿಂದ ಒಬ್ರೂ ತುಂಬಿಲ್ಲ. ಜನಕ್ಕೆ ಅಷ್ಟೂ ಸೌಜನ್ಯ ಇಲ್ಲ."

ಅಂಕಿಯಮ್ಮ ಕುರ್ಚಿಯನ್ನು ಅವರತ್ತ ತಿರುಗಿಸಿದರು. "ಬರೋದು ನಿಲ್ಲಿಸಿದವರು ಅದನ್ನ ತುಂಬೋಕೆ ಬರಬೇಕಲ್ಲ ಸರ್?"

ಕಾರ್ಯದರ್ಶಿಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅಷ್ಟರಲ್ಲಿ ಅಂಕಿಯಮ್ಮ ಹಳೇ ಅರ್ಜಿಗಳಿಂದ ನಂಬರು ಹುಡುಕಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟು ಕರೆ ಮಾಡಿಯೇಬಿಟ್ಟರು.

"ಅಮ್ಮಾ, ವ್ಯಾಯಾಮಕ್ಕೆ ಬರೋದು ಯಾಕೆ ಬಿಟ್ಟಿರಿ?"

"ನೋವು ಹೋಯ್ತಲ್ಲ, ಇನ್ಯಾಕೆ ಬರ್ಲಿ? ಮೇಡಂಗೆ ಒಂದು ಮಾತು ಹೇಳ್ಬೇಕು ಅಂತಲೇ ಇದ್ದೆ. ಮೊಮ್ಮಗಳ ಹಿಂದೆ ಓಡೋದ್ರಲ್ಲೇ ಹೊತ್ತು ಹೋಗುತ್ತೆ ನೋಡಿ."

ಎರಡನೆಯವರು, ಒಂದು ಕಾಲದಲ್ಲಿ ಎರಡು ಕೋಲು ಹಿಡಿದು ಬರುತ್ತಿದ್ದ ತಾತ. "ಒಂದ್ನಿಮಿಷ ತಾಳಮ್ಮ, ಏಣಿ ಮೇಲಿದ್ದೀನಿ. ಇಳಿದು ಮಾತಾಡ್ತೀನಿ."

ಏಳನೆಯವರು ಮಾತ್ರ ಬಸ್ಸು ಸಿಗುವುದಿಲ್ಲವೆಂದು ಜಗಳಕ್ಕೇ ಬಂದರು. ಉಳಿದವರದೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ. ಹನ್ನೊಂದನೆಯ ಕರೆ ಮುಗಿಯುವ ಹೊತ್ತಿಗೆ ಫಿಸಿಯೋ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು.

ಕಾರ್ಯದರ್ಶಿಗಳು ಮೇಡಂ ಅವರನ್ನು ಬಿಡಿಸಲು ಒಪ್ಪಿ ಸಮಿತಿಗೆಂದು ಬರೆದಿಟ್ಟಿದ್ದ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು. ಅವರಿಗೂ ಸಂತೋಷವೇ ಆಗಿತ್ತು. ಆಮೇಲೆ ಏನೋ ಹೊಳೆದು ಮುಖ ಸಪ್ಪಗಾಯಿತು.

"ಹಾಗಾದ್ರೆ, ಆರು ವರ್ಷದಿಂದ ಒಂದಿನಾನೂ ತಪ್ಪಿಸದೆ ಬರ್ತಿರೋ ನಮ್ಮ ಮೇಷ್ಟ್ರ ಹದಿನೇಳು ಜನ?"

ಗೋಡೆಯಾಚೆ ಮೇಷ್ಟ್ರ ತರಗತಿ ಆಗಷ್ಟೇ ಮುಗಿದಿತ್ತು. ಹದಿನೇಳು ಜನ ಒಟ್ಟಿಗೆ "ಅಯ್ಯಮ್ಮಾ" ಎನ್ನುತ್ತಾ ಕುರ್ಚಿಗಳಿಂದ ಏಳುವುದು ಕೇಳಿಸಿತು.