ಎಡೆಗೊಂದು ಕೊಕ್ಕರೆ ಡಬ್ಬಿ

ಅಮೆರಿಕದ ಬಿಯರುಗಳನ್ನೆಲ್ಲ ಮೂಸಿ ನೋಡಿಯೇ ಹೆಸರು ಹೇಳಬಲ್ಲೆ, ಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟಿ. ಇದರಲ್ಲಿ ಅರ್ಧ ಸುಳ್ಳು. ಓದು ಬರದ ನನಗೆ ಗೊತ್ತಿರುವುದು ಒಂದೇ ಬಿಯರು, ಅದೂ ಡಬ್ಬಿಯ ಮೇಲಿನ ಕೊಕ್ಕರೆ ಚಿತ್ರದಿಂದ. ಈ ಸಲ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಪಕ್ಕದ ಮನೆಯ ವರ್ನನ್ ಆ ಕೊಕ್ಕರೆ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಒಳಗೆ ನನ್ನ ಯಜಮಾನರ ಫೋಟೋ ಮುಂದೆ ಎಲೆ ಹಾಸಿ ಮುದ್ದೆ, ಮಟನ್ ಸಾರು, ವಡೆ, ಒಂದು ಕಟ್ಟು ಬೀಡಿ ಎಲ್ಲ ಇಟ್ಟಾಗಿತ್ತು. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಅವತ್ತು ಎಡೆಯಲ್ಲಿರಬೇಕು. ಒಂದು ಮಾತ್ರ ಇರಲಿಲ್ಲ. ಅವರು ಹೋದ ಮೂರು ವರ್ಷದಿಂದಲೂ ಅದನ್ನು ಇಡಲು ಮಗಳು ಬಿಟ್ಟಿರಲಿಲ್ಲ.

ಬಾಗಿಲು ತೆಗೆದವಳೂ ಆ ಮಗಳೇ, ಶ್ರೀದೇವಿ. ಡಬ್ಬಿ ಕಂಡದ್ದೇ ಅವಳು ಹೊಸ್ತಿಲಿಗೆ ಅಡ್ಡ ನಿಂತಳು.

ವರ್ನನ್ ಮೂವತ್ತೊಂದು ವರ್ಷ ನಾರ್ತ್ ಕ್ಯಾರೊಲಿನಾದ ಹಳೆಯ ಬಿಯರ್ ಕಾರ್ಖಾನೆ, ಬ್ರೂವರಿಯೊಂದರಲ್ಲಿ ಕುದಿಯುವ ಹಂಡೆಗಳ ಮುಂದೆ ಬೆವರು ಸುರಿಸಿ, ರಿಟೈರ್ ಆಗಿ ಕಮ್ಮಿಂಗ್ ಎಂಬ ಈ ಊರಿಗೆ ಬಂದವನು. ಅಲ್ಲಿಯದೇ ಈ ಕೊಕ್ಕರೆ ಬಿಯರು, ನೀರಿಗಿಂತ ಅಗ್ಗ. ಯಜಮಾನರ ಪ್ರಕಾರ ಅಮೃತಕ್ಕಿಂತ ರುಚಿ. ಇಬ್ಬರೂ ಬೇಲಿಯ ಆಚೆಗೊಂದು ಈಚೆಗೊಂದು ಕುರ್ಚಿ ಹಾಕಿಕೊಂಡು, ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೇ ಒಂದು ಲಕ್ಷ ಗಂಟೆ ಹರಟಿದ್ದಾರೆ. ಆಮೇಲೆ ಶ್ರೀದೇವಿಯಿಂದ ತಿಳಿದದ್ದು, ಆ ಬ್ರೂವರಿ ಹೋದ ತಿಂಗಳು ಮುಚ್ಚಿತಂತೆ. ಹಳೇ ಕೆಲಸಗಾರರನ್ನೆಲ್ಲ ಕರೆಸಿ, ಕೊನೆಯ ಹಂಡೆಯದರಲ್ಲಿ ತಲೆಗೊಂದು ಡಬ್ಬಿ ಕೊಟ್ಟರಂತೆ. ನಮ್ಮ ಎಡೆಯ ವಿಷಯವನ್ನು ನಾನೇ ಒಮ್ಮೆ ಕೈಸನ್ನೆಯಲ್ಲಿ ಅವನಿಗೆ ತಿಳಿಸಿದ್ದೆ. ಅದನ್ನು ನೆನಪಿಟ್ಟುಕೊಂಡು, ತನ್ನ ಪಾಲಿನದನ್ನು ತಾನು ಕುಡಿಯದೆ ತಂದಿದ್ದ. ನಿಮ್ಮ ತಂದೆಯ ಊಟಕ್ಕೆ, ಇನ್ನು ಇದು ಎಲ್ಲೂ ಸಿಗುವುದಿಲ್ಲ ಎಂದ.

ಶ್ರೀದೇವಿ ಇಂಗ್ಲಿಷಿನಲ್ಲಿ ಬೈದಳು. ಬೈಗುಳಕ್ಕೆ ಭಾಷೆ ಯಾಕೆ, ನನಗೆ ಮುಕ್ಕಾಲು ಪಾಲು ತಿಳಿಯಿತು. ಒಂದು ತೊಟ್ಟು ಕುಡಿದರೂ ಲಿವರ್ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಕೊಡಬೇಡಿ ಎಂದು ಅವಳು ಇದೇ ಬೇಲಿಯ ಹತ್ತಿರ ಕೈಮುಗಿದಿದ್ದಳು. ಆದರೂ ಕದ್ದು ಕೊಟ್ಟಿರಿ, ಐದೇ ತಿಂಗಳಲ್ಲಿ ನಮ್ಮಪ್ಪನನ್ನು ಕಳಿಸಿಬಿಟ್ಟಿರಿ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೋಡಮ್ಮ, ಸಾಯ್ಸಿದ್ದು ಸಾಲ್ದು ಅಂತ ಎಡೆಗೂ ತಂದಿದಾರೆ. ಮೂರು ವರ್ಷದಿಂದ ಒಂದ್ ಮಾತು ಆಡಿಲ್ಲ ನೀನು. ಇವತ್ತಾದ್ರೂ ಏನಾದ್ರೂ ಹೇಳು."

ಹೇಳಬೇಕಾದದ್ದು ಇತ್ತು. ಅವಳು ಕೈಮುಗಿದ ಮೇಲೆ ವರ್ನನ್ ಒಂದು ತೊಟ್ಟೂ ಕೊಡಲಿಲ್ಲ. ಕೊಟ್ಟವಳು ನಾನು. ಯಜಮಾನರು ಅನ್ನ ಬಿಟ್ಟರು, ಕೈ ನಡುಗತೊಡಗಿತು, ಒಂದೇ ಒಂದು ಕಣೇ ಎಂದು ಮದುವೆಯಾದಾಗಿನಿಂದ ಮುಟ್ಟದಿದ್ದ ನನ್ನ ಗದ್ದ ಹಿಡಿದು ಬೇಡಿದರು. ನಾಯಿ ಕೂಡ ಕಾರಿನಲ್ಲಿ ಓಡಾಡುವ ಈ ಊರಿನಲ್ಲಿ, ರಸ್ತೆಯಂಚಿನ ಹುಲ್ಲಿನ ಮೇಲೆ ಸೀರೆ ಎತ್ತಿಕೊಂಡು, ಬಿಯರೂ ಮಾರುವ ಪೆಟ್ರೋಲ್ ಬಂಕು, ಗ್ಯಾಸ್ ಸ್ಟೇಷನ್ ತನಕ ನಡೆದವಳು ನಾನು. ಅಲ್ಲಿಯ ಹುಡುಗಿ ವಯಸ್ಸಿನ ಪುರಾವೆಗೆ ಐಡಿ ಕೇಳಿದಳು. ನಾನು ಬೊಚ್ಚುಬಾಯಿ ತೆರೆದು ತೋರಿಸಿದೆ. ಮಗಳು ಮೇಲಿನ ರೂಮಿನಲ್ಲಿ ಮೀಟಿಂಗ್‌ನಲ್ಲಿರುವಾಗ ಕೆಳಗೆ ಅಡುಗೆಮನೆಯಲ್ಲಿ ಮಜ್ಜಿಗೆ ಲೋಟಕ್ಕೆ ಸುರಿದು ಕೊಟ್ಟೆ. ದಿನಕ್ಕೊಂದು, ಆಮೇಲೆ ಎರಡು. ಒಂದು ಸಲ ವರ್ನನ್ ದಾರಿಯಲ್ಲಿ ಟ್ರಕ್ಕು ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡ. ಚೀಲದೊಳಗಿನ ಕೊಕ್ಕರೆಗಳನ್ನು ನೋಡಿದ. ಬೇಡ ಎಂಬಂತೆ ತಲೆಯಾಡಿಸಿದ, ಅಷ್ಟೇ. ಆಸ್ಪತ್ರೆಯಲ್ಲಿ ಯಾರು ಕೊಟ್ಟದ್ದು ಎಂದು ಶ್ರೀದೇವಿ ಕೂಗಾಡಿದಾಗ ನಾನು ಸುಮ್ಮನಿದ್ದೆ. ಅವಳು ತಾನಾಗಿಯೇ ಪಕ್ಕದ ಮನೆಯ ಹೆಸರು ಹೇಳಿದಳು. ಅದು ಹಾಗೇ ನಿಂತುಬಿಟ್ಟಿತು.

ಈಗ ವರ್ನನ್ ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಅವನು ನನ್ನತ್ತ ಒಂದು ಬೆರಳು ಎತ್ತಿ ತೋರಿಸಿದ್ದರೆ ಸಾಕಿತ್ತು. ಏಳೂರನ್ನು ಗೇಲಿ ಮಾಡುವ ನಾನು ಸೆರಗಿನ ಅಂಚು ಸರಿಮಾಡಿಕೊಂಡೆ. "ಸಾರಿ, ಮ್ಯಾಮ್" ಎಂದು ಅವನು ಶ್ರೀದೇವಿಗೆ ಹೇಳಿದ. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ತಿರುಗಿದ. ಅವನ ಮನೆಗೆ ನಲವತ್ತು ಹೆಜ್ಜೆ. ಅವತ್ತು ಅವನು ನಲವತ್ತು ಮೈಲಿ ನಡೆದ.

ಶ್ರೀದೇವಿ ಎಡೆಯ ಮುಂದೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಹೋಗಿ ಡಬ್ಬಿಯನ್ನು ಒಳಗೆ ತಂದಳು. "ಲಾಸ್ಟ್ ಅಂತಲ್ಲಮ್ಮ. ಹಾಳಾಗ್ಲಿ, ಕುಡ್ಕೊಂಡು ಹೋಗ್ಲಿ ಅಪ್ಪ," ಎಂದು ತೆರೆಯಲು ನೋಡಿದಳು. ಜನ್ಮದಲ್ಲಿ ಬಿಯರು ಮುಟ್ಟಿದವಳಲ್ಲ, ಉಗುರು ಮುರಿಯಿತು. ಕೊಡಿಲ್ಲಿ ಎಂದು ನಾನು ಇಸಿದುಕೊಂಡೆ. ಸೆರಗನ್ನು ಡಬ್ಬಿಯ ತಲೆಗೆ ಬಿಗಿಯಾಗಿ ಸುತ್ತಿ, ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿ, ಗಾಳಿಯನ್ನು ಎಳ್ಳಷ್ಟೆಳ್ಳಷ್ಟೇ ಬಿಟ್ಟೆ. ಲೋಟವನ್ನು ಓರೆ ಹಿಡಿದು ಅಂಚಿನ ಮೇಲೆ ಸುರಿದೆ. ಚುಸ್ ಎನ್ನಲಿಲ್ಲ. ನೊರೆ ಏಳಲಿಲ್ಲ. ಒಂದು ಸಲ ಕೈ ಮುಗಿಯುವಷ್ಟರಲ್ಲಿ ಲೋಟ ತುಂಬಿತ್ತು.

ಶ್ರೀದೇವಿ ಲೋಟವನ್ನು ನೋಡಲಿಲ್ಲ. ಸೆರಗನ್ನು ನೋಡಿದಳು, ಹೆಬ್ಬೆರಳನ್ನು ನೋಡಿದಳು, ತಲೆಯೆತ್ತಿ ತನ್ನ ಮೇಲಿನ ರೂಮನ್ನು ನೋಡಿದಳು.

"ಅಮ್ಮ," ಎಂದಳು ಮೆಲ್ಲಗೆ, "ಸೌಂಡೇ ಬರ್ಲಿಲ್ವಲ್ಲ."

ಎಡೆಯ ಮುಂದೆ ಕೂತು ಸುಳ್ಳು ಹೇಳಬಾರದು. ನಾನು ಏನು ಹೇಳಿರಬಹುದು, ನೀವೇ ಹೇಳಿ ನೋಡೋಣ.