ಪ್ಲೇಟಿನಲ್ಲಿ ಹಿಡಿಯದ ನುಡಿ

“ಆ ಪದದ ಕಡೀ ನುಡಿ ಹೆಂಗಿತ್ತು?” ಹಾಸಿಗೆ ಹಿಡಿದ ಈರಸಂಗಪ್ಪ ಮೇಲಿನ ಜಂತಿಯನ್ನು ನೋಡುತ್ತ ಕೇಳಿದ.

ಆ ತತ್ವಪದದಲ್ಲಿ ಗುರುವಿನ ಹೆಸರು ಬರುವುದು ಕಡೆಯ ನುಡಿಯಲ್ಲೇ. ಅದನ್ನು ಕೇಳುತ್ತಲೇ ಪ್ರಾಣ ಬಿಡಬೇಕೆಂಬುದು ಅವನ ಆಸೆ. ಭಜನೆಯವರನ್ನು ಕರೆಸಿದರೆ ಅವರಿಗೂ ಅದು ಬಾರದು. ಊರೂರಿನವರು ಆ ಪದ ಕಲಿತದ್ದೇ ಅವನ ಗ್ರಾಮಫೋನ್ ಕಂಪನಿಯ ಪ್ಲೇಟಿನಿಂದ. ಪ್ಲೇಟಿನ ಒಂದು ಮಗ್ಗುಲಲ್ಲಿ ಇಡೀ ಪದ ಹಿಡಿಯುವುದಿಲ್ಲವೆಂದು ಅವನು ಕಡೆಯ ನುಡಿಯನ್ನು ಬಿಡಿಸಿದ್ದ. ಮುಳುಗುತ್ತಿದ್ದ ಕಂಪನಿಯನ್ನು ಉಳಿಸಿದ್ದೂ ಅದೇ ಪ್ಲೇಟು.

ಕೊನೆಗೆ, ಅಂದು ಆ ಪ್ಲೇಟಿಗೆ ಹಾಡಿದ್ದ ದಾವಲಬಿಯನ್ನೇ ಕರೆತಂದರು. ಮುದುಕಿ ಏಕತಾರಿ ಮೀಟಿ ಹಾಡಿದಳು. ಮನೆಯವರೆಲ್ಲ ಕಣ್ಣೊರೆಸಿಕೊಂಡರು. ಪ್ಲೇಟಿನಲ್ಲಿದ್ದ ಮೂರು ನುಡಿ ಮುಗಿದೊಡನೆ ಅವಳು ತಂತಿಯ ಮೇಲೆ ಅಂಗೈ ಇಟ್ಟಳು.

“ನಿಲ್ಲಸಬ್ಯಾಡಬೇ ದಾವಲಬಿ, ಗುರುವಿನ ಹೆಸರು ಬರಲಿ. ನಿನ್ನ ಕಾಲಿಗೆ ಬೀಳತೇನಿ.”

“ಗುರುವಿನ ಹೆಸರು ಬಿಡಸಬ್ಯಾಡ್ರಿ ಅಂತ ಅವತ್ತ ನಾನೂ ನಿಮ್ಮ ಕಾಲ ಹಿಡದಿದ್ದೆ, ಸಾವಕಾರ್ರ.”

“ಪ್ಲೇಟಿನ್ಯಾಗ ಜಾಗಾ ಇರಲಿಲ್ಲ, ನನ್ನವ್ವಾ. ಈಗರೆ ಹಾಡ.”

ದಾವಲಬಿ ಏಕತಾರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

“ಹಾಡೂದಿಲ್ರಿ. ನಿಮ್ಮ ಪ್ಲೇಟು ಇಲ್ಲಿಗೇ ಮುಗೀತೈತಿ.”