ಚುರುಕಾದ ಮೂಗು

ಗಂಡನನ್ನು ಹಲ್ಲಿನ ಡಾಕ್ಟರ ಮುಂದೆ ಕೂರಿಸಿ, ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ದೂರು ಹೇಳಿದಳು.

"ನಮ್ಮ ಯಜಮಾನ್ರು ನಿದ್ದೇಲೂ ಗುಟ್ಕಾ ಜಗೀತಾರೆ ಡಾಕ್ಟ್ರೇ. ಆ ನಾತಕ್ಕೆ ಪಕ್ಕದಲ್ಲಿ ಕೂರೋಕಾಗಲ್ಲ. ಹೇಗಾದ್ರೂ ಬಿಡಿಸಿ."

ಪಾಪ, ಆ ನಾತಕ್ಕೇ ಸೆರಗು ಮುಚ್ಚಿಕೊಂಡಿದ್ದಾಳೆ ಎಂದುಕೊಂಡ ಡಾಕ್ಟರು ಗಂಡನ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರು.

"ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿದೆ. ಬಿಡದಿದ್ರೆ ಕ್ಯಾನ್ಸರ್‌ಗೆ ತಿರುಗಬಹುದು. ಚಪಲ ಬಂದಾಗ ನೀರು ಕುಡೀರಿ, ಏಲಕ್ಕಿ ಬಾಯಿಗೆ ಹಾಕ್ಕೊಳ್ಳಿ. ಸ್ವಲ್ಪ ಹೊತ್ತು ತಡ್ಕೊಂಡ್ರೆ ತಾನಾಗೇ ಹೋಗುತ್ತೆ. ಆಗಲಿಲ್ಲ ಅಂದ್ರೆ ಬನ್ನಿ, ಔಷಧಿನೂ ಇದೆ."

ಗಂಡ ಹೆದರಿ ತಲೆಯಾಡಿಸಿದ.

ಕೆಲವು ತಿಂಗಳ ಮೇಲೆ ಹೆಂಡತಿ ಒಬ್ಬಳೇ ಬಂದಳು. ಈಗಲೂ ಬಾಯಿಗೆ ಸೆರಗು.

"ಯಾಕಮ್ಮ, ಮತ್ತೆ ಶುರು ಮಾಡಿದ್ರಾ?"

"ಇಲ್ಲ, ಪೂರ್ತಿ ಬಿಟ್ಟುಬಿಟ್ರು. ಈಗ ಸಾರಿನ ರುಚಿ ಗೊತ್ತಾಗ್ತಿದೆಯಂತೆ. ಮೂಗೂ ಚುರುಕಾಗಿದೆ."

"ಒಳ್ಳೇದಾಯ್ತಲ್ಲ! ಮತ್ತೆ ಯಾಕೆ ಮುಖ ಸಪ್ಪಗಿದೆ?"

ಆಕೆ ಮೆಲ್ಲಗೆ ಸೆರಗು ಸರಿಸಿದಳು.

"ನನಗೂ ಬಿಡಿಸಿಬಿಡಿ ಡಾಕ್ಟ್ರೇ. ಸಾಸಿವೆ ಡಬ್ಬೀಲಿ ಬಚ್ಚಿಟ್ಟಿದ್ದ ನನ್ನ ಹೊಗೆಸೊಪ್ಪನ್ನ ಮೂಸಿಯೇ ಕಂಡುಹಿಡಿದುಬಿಟ್ರು!"